ಹೇಳುವವರಿಲ್ಲದ ಹೊಳೆದಂಡೆ

ಸಮುದ್ರದ ದಂಡೆಯಲ್ಲಿ ಮನೆ ಕಟ್ಟುವವರಿಗೆ ಒಂದು ನಿಯಮ ಅಡ್ಡ ನಿಲ್ಲುತ್ತದೆ. ಭೀಮೆಯ ದಂಡೆಗೆ ಅಂಥದ್ದಿಲ್ಲ. ಫಿರೋಜಾಬಾದಿನಿಂದ ಸನ್ನತಿವರೆಗೆ ಎರಡು ಸಾವಿರ ವರ್ಷಗಳ ಊರುಗಳು ಮಣ್ಣಿನಡಿಯಲ್ಲಿವೆ. ಮೇಲೆ ಸೈಟಿನ ಕಲ್ಲುಗಳು ಬೀಳುತ್ತಿವೆ.

ಕಲಬುರಗಿ ಬಿಟ್ಟ ಜೇವರ್ಗಿ ಬಸ್ಸು ಕಟ್ಟಿಸಂಗಾವಿ ಸೇತುವೆ ಹತ್ತುವ ಮೊದಲು ಫಿರೋಜಾಬಾದಿನ ಸೀಮೆ ದಾಟುತ್ತದೆ. ತೊಗರಿ, ಜೋಳದ ಹೊಲಗಳ ನಡುವೆ ಕಮಾನು, ಮೊಂಡುಗೋಡೆ, ಬಾಗಿಲಿಲ್ಲದ ದ್ವಾರಗಳ ಒಂದು ಹಾಳು ಪಟ್ಟಣವಿದೆ. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಇದನ್ನು ಕಟ್ಟಿಸಿದ. ಮೂರು ದಿಕ್ಕಿಗೆ ಕೋಟೆಗೋಡೆ ಎಬ್ಬಿಸಿದ, ನಾಲ್ಕನೆಯ ದಿಕ್ಕನ್ನು ಕಾಯುವ ಕೆಲಸ ಭೀಮೆಗೆ ಬಿಟ್ಟ. ಒಳಗೆ ಜಾಮಿ ಮಸೀದಿ, ದರ್ಬಾರು, ಹಮಾಮು. ಅವನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಪಟ್ಟಣ ಬರಿದಾಯಿತು, ನೇಗಿಲು ಒಳಗೆ ಬಂತು. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಈ ಒಂದೇ ಊರಿನ ಮೇಲೆ ಇಡೀ ಪುಸ್ತಕ ಬರೆದರು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬಸ್ಸಿನ ಕಿಟಕಿಯಾಚೆ ಸರಿದುಹೋಗುವ ಹಾಳುಗೋಡೆ, ಅಷ್ಟೆ.

ಸೇತುವೆ ದಾಟಿ ಜೇವರ್ಗಿ ಕಡೆ ಬಂದರೆ ಕಾಲ ಇನ್ನೂ ಹಿಂದಕ್ಕೆ ಸರಿಯುತ್ತದೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್, ಈ ಭಾಗದ ಜನರ ಬಾಯಲ್ಲಿ ಇಂದಿಗೂ ‘ಮಹಾದೇವ ಬಾಬಾ’, 1850ರ ಆಸುಪಾಸಿನಲ್ಲಿ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದ. ಉರುಟು ಕಲ್ಲು ಪೇರಿಸಿದ ಗುಪ್ಪೆ, ಅದರಡಿ ಸಮಾಧಿ, ಎಲುಬು, ಮಡಕೆ. ಕಬ್ಬಿಣ ಯುಗದ ಜನ ತಮ್ಮವರನ್ನು ಹೂಳುತ್ತಿದ್ದ ಬಗೆ ಅದು. ಭೀಮಾತೀರದ ಫಿರೋಜಾಬಾದಿನ ಬಳಿಯ ಜೇವರ್ಗಿ ಗ್ರಾಮದ ಪ್ರಾಚೀನ ಅವಶೇಷಗಳು ಎಂಬ ಅರ್ಥದ ತಲೆಬರಹ ಕೊಟ್ಟು ಅವನು ಬರೆದ ಲೇಖನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಅಚ್ಚಾಯಿತು.

ಅಗೆದವರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಅವರಿಗೆ ಬೇಕಿದ್ದದ್ದು ಒಳಗಿನ ವಸ್ತು. ಟೇಲರ್ ಗುಂಡಿಯ ಬದಿಯನ್ನೂ ನೋಡಿದ. ಯಾವ ಮಣ್ಣಿನ ಮೇಲೆ ಯಾವ ಮಣ್ಣಿದೆ, ಎಲುಬು ಯಾವ ಪದರದಲ್ಲಿದೆ, ಚಪ್ಪಡಿ ಎಲ್ಲಿ ಕೂತಿದೆ ಎಂಬುದನ್ನು ನಿಲುವಾಗಿ ಕೊಯ್ದು ತೋರಿಸಿದಂತೆ ಚಿತ್ರ ಬರೆದ. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕನಾದ ಮಾರ್ಟಿಮರ್ ವೀಲರ್, ಉತ್ಖನನದ ಶಿಸ್ತು ಕಲಿಸುವ ತನ್ನ ಪುಸ್ತಕದಲ್ಲಿ ಟೇಲರನ ಈ ಛೇದಚಿತ್ರಗಳನ್ನು ಮೆಚ್ಚಿ ಬರೆದಿದ್ದಾನೆ. ಈ ದೇಶದಲ್ಲಿ ಮಣ್ಣನ್ನು ಪದರ ಪದರವಾಗಿ ಓದಲು ಕಲಿತ ಮೊದಲ ಜಾಗಗಳಲ್ಲಿ ಜೇವರ್ಗಿ ಒಂದು. ಇವತ್ತು ಅದೇ ಜೇವರ್ಗಿಯ ಸುತ್ತ ಮಣ್ಣು ಓದಿಸಿಕೊಳ್ಳದೆ ಸಪಾಟಾಗುತ್ತಿದೆ.

ಒಳ್ಳೆಯ ಜಾಗ ಎಲ್ಲರಿಗೂ ಒಂದೇ

ಭೀಮೆಯ ಕೆಳಹರಿವಿನಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದೆ. ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಜನ ಕಂಡಿದ್ದ ಊರನ್ನು 1954ರಲ್ಲಿ ಕಪಟರಾಳ ಕೃಷ್ಣರಾಯರು ಪ್ರಾಚೀನ ನೆಲೆಯೆಂದು ಗುರುತಿಸಿದರು. 1980ರ ದಶಕದಲ್ಲಿ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಕಸಕಲ್ಲು ಸರಿಸಿದಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಅಶೋಕನ ಶಾಸನ ಇತ್ತು. ಒಂದು ಮುಖದಲ್ಲಿ 12 ಮತ್ತು 14ನೇ ಬಂಡೆ ಶಾಸನಗಳು. ಇನ್ನೊಂದು ಮುಖದಲ್ಲಿ, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಷ್ಟೇ ಸಿಕ್ಕಿದ್ದ, ಪ್ರಜೆಗಳನ್ನು ಮಕ್ಕಳಂತೆ ಕಾಣಬೇಕೆಂದು ಅಧಿಕಾರಿಗಳಿಗೆ ತಾಕೀತು ಮಾಡುವ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹ ಕೂಡಿಸಲು ಯಾರೋ ಚಪ್ಪಡಿಯ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಷ್ಟು ಜಾಗದ ಅಕ್ಷರಗಳು ಹೋದವು. ಉಳಿದವು ಉಳಿದದ್ದೂ ಆ ಪೀಠದ ದೆಸೆಯಿಂದಲೇ.

ಊರಿನಿಂದ ಅನತಿ ದೂರದ ಕನಗನಹಳ್ಳಿಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರ ನಡುವೆ ಉತ್ಖನನ ನಡೆಸಿ ದೊಡ್ಡದೊಂದು ಬೌದ್ಧ ಸ್ತೂಪವನ್ನು ಹೊರತೆಗೆಯಿತು. ಅಲ್ಲಿಯ ಬರಹಗಳೇ ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಜಾತಕ ಕಥೆಗಳ ಫಲಕಗಳು, ಶಾತವಾಹನ ಅರಸರ ಹೆಸರಿರುವ ಶಿಲ್ಪಗಳು, ರಾಣಿ ಮತ್ತು ಪರಿಚಾರಿಕೆಯರ ನಡುವೆ ನಿಂತ ಅಶೋಕನ ಶಿಲ್ಪ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ಅವನ ಹೆಸರು. ಇಷ್ಟೆಲ್ಲ ಕೆತ್ತಿದ್ದು ಯಾವ ಕಲ್ಲಿನಲ್ಲಿ? ಕಲಬುರಗಿ ಸೀಮೆಯ ಪ್ರತಿ ಮನೆಯ ಪಡಸಾಲೆಗೂ ಹಾಸುವ ಅದೇ ಸುಣ್ಣಕಲ್ಲಿನಲ್ಲಿ. ನಾವು ಶಹಾಬಾದಿ ಫರಸಿ ಎನ್ನುತ್ತೇವೆ.

ಫಿರೋಜಾಬಾದು, ಜೇವರ್ಗಿ, ಸನ್ನತಿ. ಮೂರು ಕಾಲ, ಮೂರು ಧರ್ಮ, ಹೊಳೆ ಒಂದೇ. ಜಾಗ ಆರಿಸುವ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಹೊಳೆ ಬಂದರೂ ನೀರು ಏರದ ಎತ್ತರ, ದಾಟಲು ಹತ್ತಿರದಲ್ಲೊಂದು ಕಡವು, ಬಿತ್ತಲು ಪಕ್ಕದಲ್ಲೇ ಎರೆಭೂಮಿ, ಕಟ್ಟಲು ಕಾಲಡಿಯಲ್ಲೇ ಕಲ್ಲು. ಇವತ್ತು ಲೇಔಟ್ ಹಾಕುವವನು ಹುಡುಕುವುದೂ ಇದನ್ನೇ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಎಬ್ಬಿಸಿದ ಗೋಡೆಯೂ ಜೊತೆಗೇ ಬಿರಿಯುತ್ತದೆ. ಹಾಗಾಗಿ ಗಟ್ಟಿ ನೆಲ ಬೇಕು. ಎರೆನಾಡಿನಲ್ಲಿ ಗಟ್ಟಿಯಾಗಿ ಎತ್ತರದಲ್ಲಿರುವ ನೆಲ ಎರಡೇ ಬಗೆಯದು. ಒಂದು, ಬೆಳೆ ಬಾರದ ಮಡ್ಡಿ. ಇನ್ನೊಂದು, ಹಾಳೂರಿನ ದಿಬ್ಬ. ಮಡ್ಡಿಯ ಮೇಲೆ ಕಬ್ಬಿಣ ಯುಗದವರು ಸತ್ತವರನ್ನು ಹೂಳಿದ್ದಾರೆ, ದಿಬ್ಬದ ಒಳಗೆ ಬದುಕಿದವರ ಮನೆಗಳಿವೆ. ಮನೆ ಕಟ್ಟುವವರಿಗೂ ಪುರಾತತ್ವದವರಿಗೂ ನಡುವೆ ತಿಕ್ಕಾಟ ಏಳುವುದು ಆಕಸ್ಮಿಕವಾಗಿ ಅಲ್ಲ. ಇಬ್ಬರ ಬೆರಳೂ ನಕ್ಷೆಯಲ್ಲಿ ಒಂದೇ ಕಡೆ ಬೀಳುತ್ತದೆ.

ಒತ್ತಡ ಈಗ ಹೆಚ್ಚುತ್ತಿರುವುದಕ್ಕೆ ಕಾರಣ ರಸ್ತೆ ಮತ್ತು ಕಾರ್ಖಾನೆ. ವಿಜಯಪುರ ಕಡೆಯ ಹೆದ್ದಾರಿ ಜೇವರ್ಗಿ ಮೇಲೆ ಹೋಗುತ್ತದೆ. ಚಾಮರಾಜನಗರದವರೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 150ಎ ಹೊರಡುವುದೇ ಇಲ್ಲಿಂದ. ಹೊಳೆಯ ಆಚೆ ದಂಡೆಗೆ, ಕಲಬುರಗಿ ತಾಲ್ಲೂಕಿನ ಹೊನ್ನಕಿರಣಗಿ ಭಾಗಕ್ಕೆ, ಪಿಎಂ ಮಿತ್ರ ಜವಳಿ ಪಾರ್ಕು ಬರಲಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಘೋಷಿಸಿದ ಏಳು ಪಾರ್ಕುಗಳಲ್ಲಿ ಇದೊಂದು. ಗುರುತಿಸಿದ ಜಮೀನು 1,000 ಎಕರೆ. ಕಾರ್ಮಿಕರ ವಸತಿಯೂ ಯೋಜನೆಯ ಭಾಗ. ಇಲ್ಲಿಯ ಹುಡುಗರು ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆ ಹೋಗುವುದನ್ನು ನೋಡುತ್ತ ಬಂದವರು ಕಾರ್ಖಾನೆ ಬೇಡವೆನ್ನಲಾರರು. ಚಿಂತೆ ಇರುವುದು ಪಾರ್ಕಿನ ಬೇಲಿಯೊಳಗಿನದ್ದಲ್ಲ. ಬೇಲಿಯ ಹೊರಗೆ, ರಸ್ತೆಗುಂಟ, ಹೊಳೆಗುಂಟ, ಎರಡು ಎಕರೆ ಮೂರು ಎಕರೆಯಾಗಿ ಬಿಡಿಬಿಡಿಯಾಗಿ ಏಳುವ ಬಡಾವಣೆಗಳ ಲೆಕ್ಕ ಯಾರು ಇಡುತ್ತಾರೆ?

ಕಡಲಿಗೊಂದು ನ್ಯಾಯ, ಹೊಳೆಗೊಂದು ನ್ಯಾಯ

ಇದೇ ಬಡಾವಣೆ ಕುಮಟಾದಲ್ಲೋ ಕುಂದಾಪುರದಲ್ಲೋ ಅಲೆಯ ಹತ್ತಿರ ಏಳುವುದಾಗಿದ್ದರೆ ಕಥೆ ಬೇರೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. 2011 ಮತ್ತು 2019ರಲ್ಲಿ ಹೊಸದಾಗಿ ಬಂತು. ಭರತದ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್‌ವರೆಗಿನ ಪಟ್ಟಿಯನ್ನು ಅದು ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಅದರಲ್ಲಿ ಅತಿ ಬಿಗಿಯಾದ ರಕ್ಷಣೆಯ ವರ್ಗವೊಂದಿದೆ. ಕಾಂಡ್ಲಾ ಕಾಡು, ಹವಳದ ದಿಬ್ಬ, ಮರಳ ದಿಣ್ಣೆ, ಕಡಲಾಮೆ ಮೊಟ್ಟೆಯಿಡುವ ತೀರಗಳ ಜೊತೆಗೆ ಪುರಾತತ್ವ ಮಹತ್ವದ ನೆಲೆಗಳನ್ನೂ ಆ ಒಂದೇ ವರ್ಗಕ್ಕೆ ಸೇರಿಸಿದ್ದಾರೆ. ಆಮೆಯ ಮೊಟ್ಟೆಗೂ ಹಳೆಯ ಕೋಟೆಗೂ ಒಂದೇ ಪಟ್ಟಿಯಲ್ಲಿ ಜಾಗ. ಎರಡೂ ನೆಲದ ಗುಣಕ್ಕೆ ಅಂಟಿಕೊಂಡವು, ಎರಡನ್ನೂ ಒಮ್ಮೆ ಕಳೆದುಕೊಂಡರೆ ದುಡ್ಡು ಕೊಟ್ಟು ತರಲಾಗದು ಎಂಬ ತಿಳಿವಳಿಕೆ ಅದರ ಹಿಂದಿದೆ.

ಅಧಿಸೂಚನೆಗೆ ಹಲ್ಲೂ ಇದೆ. ಕೊಚ್ಚಿಯ ಮರಡಿನಲ್ಲಿ ಹಿನ್ನೀರಿಗೆ ಅಂಟಿಕೊಂಡು ಎದ್ದಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದರು. ದುಡ್ಡು ಕೊಟ್ಟು ಮನೆ ಕೊಂಡ ನೂರಾರು ಸಂಸಾರಗಳು ಬೀದಿಗೆ ಬಂದವು. ನಿಯಮ ಮೊದಲೇ ನಕ್ಷೆಯ ಮೇಲೆ ಕಾಣುವಂತಿದ್ದು, ಪರವಾನಗಿ ಕೊಡುವವರು ಅದನ್ನು ನೋಡಿದ್ದರೆ ಆ ಗೋಳು ತಪ್ಪುತ್ತಿತ್ತು ಎಂಬ ಪಾಠವೂ ಅದರಲ್ಲಿದೆ.

ಕಡಲ ಉಬ್ಬರವಿಳಿತ ಮುಟ್ಟುವಷ್ಟು ದೂರದ ನದಿಗೆ ಮಾತ್ರ ಈ ಅಧಿಸೂಚನೆ ಅನ್ವಯ. ಭೀಮಾಶಂಕರದಲ್ಲಿ ಹುಟ್ಟಿ 861 ಕಿ.ಮೀ. ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಗೆ ಸೇರುವ ಭೀಮೆ ಕಡಲನ್ನು ಕಾಣುವುದೇ ಇಲ್ಲ. ಅವಳ ದಂಡೆಯನ್ನು ಕಾಯಲು ಇರುವುದು ಬಿಡಿಬಿಡಿ ಕಾನೂನುಗಳು.

ಒಂದು, ಪ್ರಾಚೀನ ಸ್ಮಾರಕಗಳ ಕಾಯ್ದೆ. 1958ರದು, 2010ರಲ್ಲಿ ತಿದ್ದುಪಡಿಯಾದದ್ದು. ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರ್ ನಿಯಂತ್ರಿತ. ಘೋಷಣೆಯಾದ ಕಲ್ಲಿಗೆ ಇಷ್ಟೆಲ್ಲ ಕಾವಲು, ಘೋಷಣೆಯಾಗದ ಮಣ್ಣಿಗೆ ಏನೂ ಇಲ್ಲ. ನೆಲದಡಿಯ ಊರು ಎಲ್ಲಿ ಮುಗಿಯುತ್ತದೆ ಎಂದು ಅಗೆಯದೆ ಗೊತ್ತಾಗುವುದಿಲ್ಲ. ಅಳತೆಯ ಟೇಪು ಮಾತ್ರ ಘೋಷಿತ ಸಂರಕ್ಷಿತ ಜಾಗದ ಗಡಿಯಿಂದ ಹೊರಡುತ್ತದೆ. ಇನ್ನು ಆ ನೂರು ಮೀಟರಿನೊಳಗೆ ಬದುಕುವವರ ಪಾಡು? ಸೋರುವ ಮಾಳಿಗೆ ರಿಪೇರಿ ಮಾಡಲೂ ಪರವಾನಗಿಗೆ ಅಲೆಯಬೇಕು. ಹೊಲದಲ್ಲಿ ಮೂರ್ತಿ ಸಿಕ್ಕರೆ ಜಮೀನು ಹೋದಂತೆಯೇ ಎಂದು ರೈತ ಹೆದರುವುದು ಸುಮ್ಮನೆ ಅಲ್ಲ. ಹೆದರಿದವನು ಸಿಕ್ಕದ್ದನ್ನು ತಿರುಗಿ ಮುಚ್ಚುತ್ತಾನೆ, ಇಲ್ಲವೆ ಹಳ್ಳಕ್ಕೆ ಎಸೆಯುತ್ತಾನೆ.

ಎರಡು, 2006ರ ಪರಿಸರ ಪರಿಣಾಮ ಅಧಿಸೂಚನೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ, ಅಥವಾ ಬಡಾವಣೆ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ದಾಟಿದರೆ ಪರಿಸರ ಅನುಮತಿ ಬೇಕು. ಜೇವರ್ಗಿಯಲ್ಲಾಗಲಿ ಅಫಜಲಪುರದಲ್ಲಾಗಲಿ ಲೇಔಟ್ ಹಾಕುವವನು ಕಟ್ಟಡ ಮಾರುವುದಿಲ್ಲ, ಸೈಟು ಮಾರುತ್ತಾನೆ. ಅವನ ಜಮೀನು 123 ಎಕರೆಯ ಹತ್ತಿರಕ್ಕೂ ಹೋಗುವುದಿಲ್ಲ. ಎರಡು ಎಕರೆಯ ಐವತ್ತು ಲೇಔಟುಗಳು ಸೇರಿ ಹೊಳೆದಂಡೆ ಇಡಿಯಾಗಿ ಮುಚ್ಚಿಹೋದರೂ ಯಾರೊಬ್ಬರೂ ಅನುಮತಿ ಕೇಳಬೇಕಾಗಿಲ್ಲ.

ಜೆಸಿಬಿಯ ಬದಿ

ಹೊಲ ಎನ್‌.ಎ. (ಕೃಷಿಯೇತರ) ಆದ ಮೇಲೆ ನಡೆಯುವುದು ಇಷ್ಟು. ಜೆಸಿಬಿ ಬಂದು ಜಾಲಿ ಕೀಳುತ್ತದೆ, ದಿಬ್ಬ ಕೆತ್ತಿ ತಗ್ಗಿಗೆ ತುಂಬುತ್ತದೆ. ಮಡ್ಡಿಯಿಂದ ಮುರಂ ತಂದು ಹರವುತ್ತಾರೆ. ಗಟಾರಕ್ಕೆಂದು ಕಾಲುವೆ ತೆಗೆಯುತ್ತಾರೆ. ಹಾಳೂರಿನ ಜಾಗವಾಗಿದ್ದರೆ ಆ ಕಾಲುವೆಯ ಬದಿಯನ್ನು ಬಗ್ಗಿ ನೋಡಬೇಕು. ಮೇಲೊಂದು ಗೇಣು ಉಳುಮೆಯ ಕರಿಮಣ್ಣು. ಅದರಡಿ ಬೂದಿ ಬೆರೆತ ಬಿಳಿಚಿದ ಪಟ್ಟಿ. ಆಮೇಲೆ ಬೋಕಿಗಳು: ಒಳಗೆ ಕಪ್ಪು, ಹೊರಗೆ ಕೆಂಪು, ಬೆರಳಿನಿಂದ ತಿಕ್ಕಿದರೆ ಇನ್ನೂ ಹೊಳಪು. ದನದ ಹಲ್ಲು, ಸುಟ್ಟ ಮಣ್ಣಿನ ಹೆಂಟೆ, ನಡುವೆ ಎಲ್ಲೋ ಒಂದು ಮಣಿ. ಮರುದಿನ ಪೈಪು ಬೀಳುತ್ತದೆ, ಬದಿ ಮುಚ್ಚುತ್ತದೆ. ಬೋಕಿಗಳೇನೂ ನಾಶವಾಗುವುದಿಲ್ಲ, ಸಪಾಟಾದ ಲೇಔಟಿನ ತುಂಬ ಹರಡಿಕೊಂಡೇ ಇರುತ್ತವೆ. ಯಾವುದರ ಕೆಳಗೆ ಯಾವುದಿತ್ತು ಎಂಬುದು ಮಾತ್ರ ಹೋಯಿತು. ಟೇಲರ್ ಪೆನ್ಸಿಲು ಹಿಡಿದು ಉಳಿಸಿದ್ದು ಅದನ್ನೇ.

ಹಾಳು ಮಾಡುವುದು ಲೇಔಟೊಂದೇ ಎಂದರೆ ಅನ್ಯಾಯವಾದೀತು. ದಿಬ್ಬದ ಬೂದಿಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಹೇರುವುದು ದಖ್ಖನಿನ ಹಳೆಯ ರೂಢಿ. ನೀರಾವರಿಯೂ ಮಣ್ಣನ್ನು ಮಗುಚಿದೆ. ನಾಗಾರ್ಜುನಕೊಂಡದ ಬೌದ್ಧ ನೆಲೆ ಅಣೆಕಟ್ಟಿನ ಪಾಲಾಗುವ ಮುನ್ನ 1954ರಿಂದ ಆರು ವರ್ಷ ಅಗೆದು, ಸಿಕ್ಕ ಶಿಲ್ಪಗಳನ್ನು ನಡುಗಡ್ಡೆಯಾಗಿ ಉಳಿದ ಗುಡ್ಡದ ಮೇಲೆ ಇಟ್ಟರು. ಸನ್ನತಿಯ ಬಳಿಯೂ ಭೀಮೆಗೆ ಬ್ಯಾರೇಜು ಬಂದಿದೆ. ಆದರೆ ಅಣೆಕಟ್ಟು ಕಟ್ಟುವಾಗ ಸರ್ಕಾರಕ್ಕೆ ಗೊತ್ತಿರುತ್ತದೆ, ಪತ್ರಿಕೆಯವರಿಗೆ ಗೊತ್ತಿರುತ್ತದೆ, ಯಾರೋ ಒಬ್ಬರು ಕೂಗು ಹಾಕುತ್ತಾರೆ. ಸೈಟಿನ ಕಲ್ಲು ನೆಡುವಾಗ ಮೊಳಗುವುದು ಪೂಜೆಯ ಗಂಟೆ ಮಾತ್ರ.

ಹೊಳೆಗೂ ಜಾಗ ಬೇಕು

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ, ಚಿತ್ತಾಪುರದ ದಂಡೆಯ ಹಳ್ಳಿಗಳಿಗೆ ನುಗ್ಗಿತು. ತೊಗರಿ, ಹತ್ತಿ ಕೊಳೆತವು. ಜನ ಕಾಳಜಿ ಕೇಂದ್ರಗಳಲ್ಲಿ ಮಲಗಿದರು. ಹೊಳೆ ಎಲ್ಲಿಯವರೆಗೆ ಬಂದಿತ್ತು ಎಂದು ಆ ಹಳ್ಳಿಗಳ ಯಾವ ಮಗುವನ್ನು ಕೇಳಿದರೂ ಗೋಡೆ ತೋರಿಸುತ್ತದೆ. ಸೈಟು ಕೊಳ್ಳುವವನ ಕೈಗೆ ಬರುವ ನಕ್ಷೆಯಲ್ಲಿ ಆ ಗೆರೆ ಇರುವುದಿಲ್ಲ.

ತಗ್ಗಿಗೆ ಮುರಂ ತುಂಬಿ ಎತ್ತರಿಸಿದರೆ ಆ ಸೈಟಿಗೆ ನೀರು ಬಾರದಿರಬಹುದು. ಹರಡಿಕೊಳ್ಳಬೇಕಾದ ನೀರು ಪಕ್ಕದ ಹೊಲಕ್ಕೋ ಎದುರು ದಂಡೆಯ ಕೇರಿಗೋ ತಿರುಗುತ್ತದೆ. ಹೊಳೆಗೆ ಸೇರುವ ಸಣ್ಣ ಹಳ್ಳದ ಬಾಯಿ ಕಟ್ಟಿದರೆ ಮಳೆನೀರು ಹಿಂದಕ್ಕೆ ನಿಲ್ಲುತ್ತದೆ. ಮನೆ ಏಳಲು ಬೇಕಾದ ಮರಳೂ ಅದೇ ಪಾತ್ರದಿಂದ ಬರಬೇಕು. ಭೀಮೆಯ ಮರಳು ಟಿಪ್ಪರುಗಳಲ್ಲಿ ರಾತ್ರೋರಾತ್ರಿ ಸಾಗುವ ಸುದ್ದಿ ಈ ಭಾಗದಲ್ಲಿ ಹೊಸದಲ್ಲ. ಮರಳಿದ್ದರೆ ಬೇಸಿಗೆಯಲ್ಲೂ ಒರತೆ ತೋಡಿ ನೀರು ಪಡೆಯಬಹುದು, ದಂಡೆಯ ಬಾವಿಗಳಲ್ಲಿ ನೀರು ನಿಲ್ಲುತ್ತದೆ. ನಡುಹೊಳೆಯ ಮರಳ ದಿಣ್ಣೆಗಳ ಮೇಲೆ ಬೇಸಿಗೆಯಲ್ಲಿ ಮೊಟ್ಟೆಯಿಡುವ ರೀವ ಹಕ್ಕಿಗಳಿಗೆ, ಬಯಲ ಗರಸಿನಲ್ಲಿ ಮೊಟ್ಟೆಯಿಡುವ ಟಿಟ್ಟಿಭಕ್ಕೆ ಬೇರೆ ಮನೆ ಇಲ್ಲ. ಒಂದು ಬಡಾವಣೆ ದಂಡೆಯನ್ನೂ ತಿನ್ನುತ್ತದೆ, ಪಾತ್ರವನ್ನೂ ತಿನ್ನುತ್ತದೆ.

ಪ್ರವಾಹದ ಜನರಿಗೆ ಬೇರೆ ಕಡೆ ಮನೆ ಕಟ್ಟಿಕೊಟ್ಟ ಅನುಭವವೂ ಉತ್ತರ ಕರ್ನಾಟಕಕ್ಕಿದೆ. 2009ರ ನೆರೆಯ ನಂತರ ಬಂದ ‘ಆಸರೆ’ ಮನೆಗಳಲ್ಲಿ ಎಷ್ಟೋ ಕೀಲಿ ಹಾಕಿಕೊಂಡೇ ನಿಂತವು. ಬಣವೆ ಒಟ್ಟಲು ಜಾಗವಿಲ್ಲ, ಎತ್ತು ಕಟ್ಟಲು ಕೊಟ್ಟಿಗೆ ಇಲ್ಲ, ಹೊಲ ದೂರ. ಅಂಥ ಪುನರ್ವಸತಿಗೆ ಸರ್ಕಾರ ಹುಡುಕುವುದು ಬೆಳೆ ಬಾರದ ಮಡ್ಡಿಯನ್ನು. ಕಲ್ಲುಗುಪ್ಪೆಗಳು ಇರುವುದೂ ಅಲ್ಲೇ. ಖಾಸಗಿ ಲೇಔಟಿನವನಿಗೆ ಹೇಳುವ ಮಾತನ್ನು ಸರ್ಕಾರ ಮೊದಲು ತನಗೆ ಹೇಳಿಕೊಳ್ಳಬೇಕು.

ದುಬಾರಿಯಲ್ಲದ ದಾರಿ

ಹೊಳೆದಂಡೆಯನ್ನು ಇಡಿಯಾಗಿ ಹಿಡಿದು ಕಾಯುವ ಒಂದು ಪ್ರಯತ್ನ ಕರ್ನಾಟಕದಲ್ಲೇ ಆಗಿದೆ. ಹಂಪಿಗೆ 2002ರಲ್ಲಿ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಪ್ರಾಧಿಕಾರ ಬಂದವು. ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೆಡವಲಾಯಿತು. ಅದೇ ಹೊಳೆಯಲ್ಲಿ 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಮೀಸಲು ಘೋಷಣೆಯಾಯಿತು. ಆದರೆ ಹಂಪಿಗೆ ವಿಶ್ವಪರಂಪರೆಯ ಪಟ್ಟವಿತ್ತು, ಅಪಾಯದ ಪಟ್ಟಿಗೆ ಬಿದ್ದ ಅವಮಾನವೂ ಇತ್ತು. ಯುನೆಸ್ಕೊ ಕಣ್ಣು ಬೀಳದ ಭೀಮೆಗೆ ಪ್ರಾಧಿಕಾರ ಬರುವ ತನಕ ಕಾಯುತ್ತ ಕೂತರೆ ಕಾಯಲು ದಂಡೆಯೇ ಉಳಿದಿರುವುದಿಲ್ಲ.

ಕೈಯಲ್ಲಿರುವ ಸಲಕರಣೆಯಿಂದಲೇ ಮಾಡಬಹುದಾದದ್ದಿದೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಅದರ ಮೇಲೆ ಇನ್ನೆರಡು ಪದರ ಹಾಕಲಿ. ಒಂದು, 2020ರಲ್ಲಿ ಹೊಳೆ ಮುಟ್ಟಿದ ಗೆರೆ. ಇನ್ನೊಂದು, ಹಾಳೂರು, ಬೂದಿದಿಬ್ಬ, ಕಲ್ಲುಗುಪ್ಪೆಗಳ ಗುರುತು. ಭೂ ಪರಿವರ್ತನೆಯ ಅರ್ಜಿ ಬಂದಾಗ ಈ ಎರಡು ಪದರಗಳಲ್ಲಿ ಸರ್ವೆ ನಂಬರ್ ಸಿಕ್ಕಿಬಿದ್ದರೆ, ತಹಶೀಲ್ದಾರರು ಕಡತವನ್ನು ಮುಂದೆ ದಾಟಿಸುವ ಮೊದಲು ಜಾಗದ ಒಂದು ನಡಿಗೆ ಸಮೀಕ್ಷೆ ಆಗಲಿ. ಹೊರಗಿನಿಂದ ತಜ್ಞರನ್ನು ಕರೆಸಬೇಕಿಲ್ಲ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ತರಗತಿಯಲ್ಲಿ ಸಿಕ್ಕೀತು?

ದಿಬ್ಬ ಇದೆಯೆಂದು ಗೊತ್ತಾದರೆ ರೈತನ ಜಮೀನು ಕಿತ್ತುಕೊಳ್ಳುವ ಅಗತ್ಯವೂ ಇಲ್ಲ. ಯಾವ ಬಡಾವಣೆಯಾದರೂ ಉದ್ಯಾನಕ್ಕೆ, ಸಾರ್ವಜನಿಕ ಬಳಕೆಗೆ ಒಂದಿಷ್ಟು ಪಾಲು ಬಿಡಲೇಬೇಕೆಂಬ ನಿಯಮ ಈಗಲೇ ಇದೆ. ಆ ಪಾಲು ನಕ್ಷೆಯ ಮೂಲೆಯಲ್ಲಿ, ಯಾರೂ ಕೊಳ್ಳದ ತಗ್ಗಿನಲ್ಲಿ ಬೀಳುವ ಬದಲು ದಿಬ್ಬದ ಮೇಲೆ ಬೀಳಲಿ. ಕಲ್ಲುಗುಪ್ಪೆಯ ಸುತ್ತ ಅಗೆಯದೆ ಹುಲ್ಲು ಬಿಟ್ಟರೆ ಅದೇ ಉದ್ಯಾನ. ಹೊಳೆಯ ಗೆರೆಯೊಳಗಿನ ಪಟ್ಟಿ ಹೊಲವಾಗಿಯೇ ಉಳಿಯಲಿ. ದಿಬ್ಬ ಬಿಟ್ಟದ್ದರಿಂದ ಮಾಲೀಕನ ಸೈಟುಗಳ ಸಂಖ್ಯೆ ಕಡಿಮೆಯಾಗದು, ಕೊಂಡವನ ಮನೆಗೆ ಹೊಳೆ ಬಾರದು. ಇಲಾಖೆಯವರಿಗೆ ಹೆದರಿ ಸಿಕ್ಕದ್ದನ್ನು ಮುಚ್ಚುವ ಕಾರಣವೂ ರೈತನಿಗೆ ಇರದು.

ಜವಳಿ ಪಾರ್ಕು ಬರಲಿ, ರಸ್ತೆ ಅಗಲವಾಗಲಿ, ಗುಳೆ ಹೋದವರು ಮರಳಿ ಬಂದು ಮನೆ ಕಟ್ಟಲಿ. ಆದರೆ ಇದಕ್ಕೊಂದು ಅವಧಿ ಇದೆ. ಪಾರ್ಕಿನ ಗೇಟು ತೆರೆದ ಮೇಲೆ ಹೊಳೆದಂಡೆಯ ಗುಂಟೆಯ ದರ ಎಲ್ಲಿಗೆ ಏರುತ್ತದೆಂದು ಎಲ್ಲರಿಗೂ ಗೊತ್ತು. ಆಗ ಗುರುತು ಹಾಕಲು ಹೋದವರಿಗೆ ಊರವರೇ ಅಡ್ಡ ನಿಲ್ಲುತ್ತಾರೆ, ನಿಲ್ಲುವುದು ಸಹಜವೂ ಹೌದು. ಗುರುತು ಬೀಳಬೇಕಾದದ್ದು ದರ ಏರುವ ಮೊದಲು. ಅಫಜಲಪುರದಿಂದ ಸನ್ನತಿವರೆಗಿನ ದಂಡೆಯ ಗ್ರಾಮಗಳ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರವಾಹ ಪರಿಹಾರದ ಕಡತದಲ್ಲೇ ಸಿದ್ಧವಾಗಿದೆ. ಕೆಲಸ ಆ ಪಟ್ಟಿಯ ಮೊದಲ ಹಳ್ಳಿಯಿಂದ, ಬರುವ ಬೇಸಿಗೆಯಲ್ಲೇ ಶುರುವಾಗಬಹುದು.